ಎಡಗಡೆ ನಿಂತವರು

ಬೆಳಗ್ಗೆ ಆರು ಗಂಟೆಗೆ, ಮುಖ ಕೂಡ ತೊಳೆಯದೆ, ಗೇರಣ್ಣ ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ಟ್ಯಾಕ್ಸಿಯ ಎಡಬಾಗಿಲಿಗೆ ಬಿಳಿ ಬಣ್ಣ ಬಳಿಯುತ್ತಿದ್ದ. ಬಣ್ಣದ ಡಬ್ಬಿ ಕಿಟಕಿಯ ಸರಳಿಗೆಂದು ಹೆಂಡತಿ ತರಿಸಿಟ್ಟದ್ದು. ಬ್ರಷ್ಷು ಹಲ್ಲುಜ್ಜಿ ಎಸೆಯಬೇಕಾಗಿದ್ದ ಹಳೇ ಬ್ರಷ್ಷು. ಗೀರು ಗೇಣುದ್ದವಿತ್ತು. ಬಳಿದ ಮೇಲೆ ಗೀರೇನೋ ಹೋಯಿತು, ಆದರೆ ಅದರ ಜಾಗದಲ್ಲಿ ಗೇಣುದ್ದದ ಪಟ್ಟಿ ಬಂತು. ಇಲ್ಲಿ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ಬೀದಿಯ ಆ ತುದಿಗೂ ಗೊತ್ತಾಗುವಂತಿತ್ತು. ನಾಲ್ಕು ತಿಂಗಳಲ್ಲಿ ಇದು ಮೂರನೆಯದು. ಮೂರೂ ಎಡಗಡೆಗೇ.

ಮೊದಲನೆಯ ಗೀರಿಗೆ ಲಾಡ್ಜಿನ ಗೇಟುಕಂಬವನ್ನು ಬೈದಿದ್ದ, ಯಾವನೋ ತಲೆಕೆಟ್ಟವನು ಅದನ್ನು ರಸ್ತೆಗೇ ತಂದು ನೆಟ್ಟಿದ್ದಾನೆ ಎಂದು. ಕಂಬ ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು. ಎರಡನೆಯದಕ್ಕೆ ಹಾಲಿನವನ ಸ್ಕೂಟರನ್ನು ಬೈದ. ಮೂರನೆಯದಕ್ಕೆ ಬೈಯಲು ಯಾರೂ ಸಿಗಲಿಲ್ಲ. ಹಾಡಹಗಲಿನಲ್ಲಿ, ಖಾಲಿ ರಸ್ತೆಯಲ್ಲಿ, ಕಾರು ತಾನಾಗಿ ಹೋಗಿ ಸೇತುವೆಯ ಕಟ್ಟೆಯನ್ನು ಸವರಿಕೊಂಡು ಬಂದಿತ್ತು. ಅವತ್ತಿನಿಂದ ಏನೋ ಒಂದು ಭಯ ಅವನ ಬೆನ್ನು ಹತ್ತಿತ್ತು. ಅದೇನು ಎಂದು ಕೇಳಿಕೊಳ್ಳಲು ಅವನು ತಯಾರಿರಲಿಲ್ಲ.

ಕಣ್ಣಿನ ಮೇಲೆ ಅನುಮಾನ ಬಂದಿರಲಿಲ್ಲ ಅಂತಲ್ಲ. ಆದರೆ ಲೈಸೆನ್ಸು ನವೀಕರಿಸಲು ಹೋದಾಗ ಆಫೀಸಿನವನು ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೋಲಿನಿಂದ ಮುಟ್ಟಿ ತೋರಿಸಿದ್ದ, ಗೇರಣ್ಣ ಕೊನೆಯ ಸಾಲಿನ ಸಾಸಿವೆಯಂಥ ಅಕ್ಷರಗಳನ್ನೂ ಪಟಪಟನೆ ಓದಿದ್ದ. 'ಈ ವಯಸ್ಸಿಗೆ ಇಂಥ ಕಣ್ಣು ನೋಡಿಲ್ಲಪ್ಪ' ಎಂದು ಆಫೀಸಿನವನೇ ಶಹಬ್ಬಾಸ್ ಹೇಳಿದ್ದ. ಸರ್ಕಾರವೇ ಸರಿ ಇದೆ ಎಂದ ಕಣ್ಣನ್ನು ತಾನು ಸರಿಯಿಲ್ಲ ಎನ್ನಲು ಗೇರಣ್ಣನಿಗೆ ಮನಸ್ಸು ಬರಲಿಲ್ಲ. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ತಲೆ ಒಡೆದುಹೋಗುವಂತೆ ನೋವು ಬಂದು, ಎಡಗೈ ಜುಮ್ಮೆಂದು, ಕಾರಿನೊಳಗೇ ಎರಡು ಗಂಟೆ ಮಲಗಿದ್ದುಂಟು. ಎದ್ದಾಗ ಎಲ್ಲ ಸರಿಹೋಗಿತ್ತು. ಬಿಸಿಲಿನ ಝಳ ಎಂದುಕೊಂಡು ಅದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗಂತೂ ಮೊದಲೇ ಹೇಳಲಿಲ್ಲ.

"ರೀ, ಇವತ್ತೂ ಎಡಗೆನ್ನೆ ಹಾಗೇ ಬಿಟ್ಟಿದ್ದೀರಿ" ಎಂದಳು ಹೆಂಡತಿ, ಅವನು ಕ್ಷೌರ ಮುಗಿಸಿ ತಿಂಡಿಗೆ ಕೂತಾಗ.

"ಬ್ಲೇಡು ಮೊಂಡಾಗಿದೆ."

"ಬಲಗೆನ್ನೆಗೆ ಮಾತ್ರ ಮೊಂಡಾಗಿಲ್ವಾ?"

ಅವನು ಗುರ್ ಎಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಅವಳು ಲಾಡ್ಜುಗಳ ಕಿಟಕಿ ಪರದೆ ಹೊಲಿಯುವವಳು. ಊರಿನ ಅರ್ಧ ಕಿಟಕಿಗಳಿಗೆ ಅವಳ ಕೈ ಹೊಲಿಗೆಯೇ ನೇತಾಡುತ್ತಿತ್ತು. ಬಟ್ಟೆಯಲ್ಲಿ ಕೂದಲೆಳೆಯಷ್ಟು ಓರೆಯಾದರೂ ಅವಳ ಕಣ್ಣಿಗೆ ಬೀಳುತ್ತಿತ್ತು, ಗಂಡನ ಕೆನ್ನೆ ಯಾವ ಲೆಕ್ಕ. ಅವನು ಕೈ ತೊಳೆಯಲು ಏಳುವಷ್ಟರಲ್ಲಿ ಅವಳು ತಟ್ಟೆಯ ಕೆಳಗೆ ನೀರು ಒರೆಸುವವಳ ಹಾಗೆ ತಟ್ಟೆ ಎತ್ತಿ, ಒರೆಸಿ, ಮತ್ತೆ ಇಟ್ಟಳು. ನೋಡಿದರೆ ಇನ್ನೂ ನಾಲ್ಕು ತುಂಡು ಆಲೂಗಡ್ಡೆ ಇತ್ತು. ಗೇರಣ್ಣ ಅದನ್ನೂ ತಿಂದು ಎದ್ದ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಹೊಲಿಗೆ ಮಿಷನ್ನಿನ ಕಡೆ ಹೋದಳು.

ಅವನಿಗೆ ಗೇರಣ್ಣ ಎಂದು ಹೆಸರಿಟ್ಟದ್ದು ಸ್ಟ್ಯಾಂಡಿನ ಪಡ್ಡೆ ಡ್ರೈವರುಗಳು. ಏರಲಿ ಇಳಿಯಲಿ, ಬೆಟ್ಟದ ಮೇಲೆ ಎರಡನೇ ಗೇರು ಬಿಟ್ಟು ಅವನು ಮೇಲೆ ಹೋದದ್ದಿಲ್ಲ ಎಂಬ ಕುಚೋದ್ಯಕ್ಕೆ. ಅವನಿಗೆ ಅದೇ ಹೆಮ್ಮೆ. ಹತ್ತೊಂಬತ್ತನೇ ವಯಸ್ಸಿಗೆ ಕಾರು ತೊಳೆಯುವವನಾಗಿ ಬಂದು, ಹನ್ನೊಂದು ವರ್ಷ ಬೇರೆಯವರ ಗಾಡಿ ತೊಳೆದು, ಆಮೇಲೆ ಸ್ಟೇರಿಂಗು ಹಿಡಿದವನು. ಮೂವತ್ತೊಂದು ವರ್ಷದಲ್ಲಿ ಅವನ ಕಾರಿನಲ್ಲಿ ಕೂತ ಒಬ್ಬರಿಗೂ ಮೊಣಕೈ ತರಚಿರಲಿಲ್ಲ. ಆ ಊರಿಗೆ ಬರುವವರೆಲ್ಲ ಬರುವುದು ಬೆಟ್ಟಗಳ ನಡುವಿನ ಸರೋವರ ನೋಡಲು. ಒಂದು ದಿನಕ್ಕೆ ಐದು ಜಾಗ: ದೋಣಿಕಟ್ಟೆ, ಕಲ್ಲುಸೇತುವೆ, ಜಲಪಾತ, ಮರದ ಗೋಪುರ, ಕೊನೆಗೆ ಬೆಟ್ಟದ ನೆತ್ತಿಯ ಬಂಡೆ. ಬಂಡೆಗೆ ಹದಿನೆಂಟು ತಿರುವು ಹತ್ತಬೇಕು. ಹತ್ತುವಾಗ ಎಡಕ್ಕೆ ಗುಡ್ಡ, ಇಳಿಯುವಾಗ ಎಡಕ್ಕೆ ಸರೋವರ. ಸರೋವರಕ್ಕೂ ರಸ್ತೆಗೂ ನಡುವೆ ಮೊಣಕಾಲೆತ್ತರದ ಕಟ್ಟೆ, ಕೆಲವು ಕಡೆ ಅದೂ ಇಲ್ಲ.

ಗೇರಣ್ಣನಿಗೆ ಇನ್ನೊಂದು ಖ್ಯಾತಿ ಇತ್ತು, ಫೋಟೋದ್ದು. ಬಂದವರೆಲ್ಲ ಎಲ್ಲಿ ಇಳಿದರೂ 'ಅಣ್ಣಾ, ಒಂದು ಫೋಟೋ' ಎಂದು ಫೋನು ಕೈಗೆ ಕೊಡುತ್ತಾರೆ. ಬೇರೆ ಡ್ರೈವರುಗಳು ಸೊಟ್ಟಗೆ ಪಟ್ಟಗೆ ಒತ್ತಿ ಕೊಟ್ಟುಬಿಡುತ್ತಾರೆ. ಇವನು ಮೊದಲು ಅಂಗಿಯ ಚುಂಗಿನಿಂದ ಫೋನಿನ ಕಣ್ಣು ಒರೆಸುತ್ತಾನೆ. ನೀರಿನ ಗೆರೆ ನೇರ ಬರುವ ತನಕ ಬಿಡುವುದಿಲ್ಲ. 'ಒಂದು, ಎರಡು, ಮೂರು ಅಂತೀನಿ' ಎಂದು ಹೇಳಿ ಎರಡಕ್ಕೇ ಒತ್ತಿಬಿಡುತ್ತಾನೆ. ಮೂರು ಬರುವಷ್ಟರಲ್ಲಿ ಜನ ಮುಖ ಬಿಗಿಮಾಡಿಕೊಳ್ಳುತ್ತಾರೆ, ಎರಡರಲ್ಲಿ ಇನ್ನೂ ಮನುಷ್ಯರಾಗಿರುತ್ತಾರೆ ಎಂಬುದು ಅವನ ಸಿದ್ಧಾಂತ. ಎಷ್ಟೋ ಮನೆಗಳ ಗೋಡೆಯ ಮೇಲೆ ತಾನು ಒತ್ತಿದ ಫೋಟೋ ಇದೆ ಎಂದು ಅವನು ಲೆಕ್ಕವಿಲ್ಲದಷ್ಟು ಸಲ ಹೆಂಡತಿಗೆ ಹೇಳಿದ್ದಾನೆ.

ಅವತ್ತಿನ ಬಾಡಿಗೆ ಮೂವರದು. ಎಂಬತ್ತೆರಡರ ತಾಯಿ, ಐವತ್ತು ದಾಟಿದ ಶಾಲೆ ಟೀಚರು ಮಗಳು, ಅವಳ ತಮ್ಮ. ತಮ್ಮ ಯಾವುದೋ ದೊಡ್ಡ ಅಂಗಡಿಯ ಮ್ಯಾನೇಜರು. ಅಂಗಡಿಯಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡುತ್ತಿದ್ದ. ತಾಯಿಗೆ ಬಲಗಿವಿ ಒಂದಿಷ್ಟೂ ಕೇಳಿಸುವುದಿಲ್ಲ. ಅದಕ್ಕೆ ಆಕೆ ಎಲ್ಲಿ ಕೂತರೂ ನಿಂತರೂ ಎಲ್ಲರೂ ತನ್ನ ಎಡಕ್ಕೇ ಇರಬೇಕು. ಕಾರಿನಲ್ಲೂ ಅಷ್ಟೇ, ಗೇರಣ್ಣನ ಬೆನ್ನ ಹಿಂದೆ ಬಲಮೂಲೆಗೆ ಸರಿದು, ಮಗಳನ್ನು ಎಡಕ್ಕೆ ಕೂರಿಸಿಕೊಂಡಳು.

"ಅಪ್ಪ ಹೋಗಿ ಎರಡು ವರ್ಷ ಆಯ್ತು ಅಣ್ಣ. ಅಮ್ಮ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಈಗ ತಾನಾಗಿ ಕೇಳಿದಾಳೆ, ನೀರಿನ ಮುಂದೆ ನಿಂತು ಮಕ್ಕಳ ಜೊತೆ ಒಂದು ಫೋಟೋ ಬೇಕು ಅಂತ" ಎಂದಳು ಮಗಳು. "ಮನೇಲಿ ಫೋಟೋ ತೆಗೀತಿದ್ದದ್ದು ನಾನೇ. ಹಾಗಾಗಿ ನಾವು ಮೂವರೂ ಒಟ್ಟಿಗಿರೋದು ಒಂದೂ ಇಲ್ಲ."

"ಒಂದ್ಯಾಕೆ ಮೇಡಂ, ಐದು ಜಾಗಕ್ಕೆ ಐದು ಆಗುತ್ತೆ. ನನ್ನ ಕೈಗೆ ಬಿಡಿ" ಎಂದ ಗೇರಣ್ಣ. ಬೆಳಗಿನಿಂದ ಮೊದಲ ಸಲ ಅವನ ಮನಸ್ಸು ಹಗುರಾಯಿತು.

ದೋಣಿಕಟ್ಟೆಯಲ್ಲಿ ನೀರು ಅಲುಗದೆ ನಿಂತಿತ್ತು. ಬೆಟ್ಟಗಳೆಲ್ಲ ತಲೆಕೆಳಗಾಗಿ ಅದರೊಳಗೆ ಬಿದ್ದಿದ್ದವು. ಹಲಗೆಯ ಮೇಲೆ ಮೂವರೂ ನಿಂತರು. ತಾಯಿ ಅಭ್ಯಾಸದಂತೆ ಮಕ್ಕಳನ್ನು ತನ್ನ ಎಡಕ್ಕೆ ಬಿಟ್ಟುಕೊಂಡು ಒಂದು ಕೊನೆಗೆ ನಿಂತಳು. ಎದುರಿಗೆ ಫೋನು ಹಿಡಿದವನಿಗೆ ಅದು ಎಡಕೊನೆ. ಗೇರಣ್ಣ ಒರೆಸಿದ, ನೀರಿನ ಗೆರೆ ನೋಡಿದ, ಎರಡಕ್ಕೆ ಒತ್ತಿದ. ಫೋನನ್ನು ಮಗಳು ನೋಡದೆಯೇ ಚೀಲಕ್ಕೆ ಹಾಕಿಕೊಂಡಳು. ತಾಯಿ ಮೆಟ್ಟಿಲು ಹತ್ತಬೇಕಾಗಿತ್ತು, ಕೈ ಹಿಡಿಯಬೇಕಾಗಿತ್ತು. ಕಲ್ಲುಸೇತುವೆಯಲ್ಲಿ ಹಾಗೇ ಆಯಿತು. ಜಲಪಾತದಲ್ಲಿ ಎಲ್ಲರ ಕನ್ನಡಕವೂ ಹನಿಹನಿ, ಅಲ್ಲಿಯೂ ಯಾರೂ ನೋಡಲಿಲ್ಲ. ಮರದ ಗೋಪುರದ ಬಳಿ ತಮ್ಮನಿಗೆ ಹಸಿವೆ ಶುರುವಾಗಿತ್ತು. ನಾಲ್ಕು ಫೋಟೋ ಆದವು, ನಾಲ್ಕಕ್ಕೂ ಗೇರಣ್ಣ 'ಬೆಂಕಿ ಬಂದಿದೆ ಮೇಡಂ' ಎಂದು ತಾನೇ ತನಗೆ ಸರ್ಟಿಫಿಕೇಟು ಕೊಟ್ಟುಕೊಂಡ.

ಊಟ ಮುಗಿಸಿ ಬಂಡೆಯ ದಾರಿ ಹಿಡಿದರು. ಏಳನೇ ತಿರುವಿನಲ್ಲಿ ಎಡಗಡೆಯ ಎರಡೂ ಚಕ್ರ ಧಡಕ್ಕೆಂದು ಚರಂಡಿಗೆ ಇಳಿದವು. ಗುಡ್ಡದ ಪೊದೆಗಳು ಕಿಟಕಿಯ ಗಾಜನ್ನು ಬರಬರ ಕೆರೆದವು. ಮುಂದಿನ ಎಡಸೀಟಿನಲ್ಲಿದ್ದ ತಮ್ಮ ಚೀರಿಕೊಂಡ.

"ಏನ್ರೀ! ಇಷ್ಟಗಲ ರಸ್ತೆ ಬಿಟ್ಟು ಚರಂಡಿಗೆ ಇಳಿಸ್ತೀರಲ್ಲ!"

"ಮಳೆಗೆ ಅಂಚು ಕೊಚ್ಚಿಹೋಗಿದೆ ಸಾರ್. ಚರಂಡಿನೇ ರಸ್ತೆ ಒಳಗೆ ಬಂದ್ಬಿಟ್ಟಿದೆ" ಎಂದ ಗೇರಣ್ಣ. ದನಿ ಅವನಿಗೇ ಬೇರೆ ಯಾರದ್ದೋ ಹಾಗೆ ಕೇಳಿಸಿತು. ಚಕ್ರ ಮೇಲೆ ಹತ್ತಿಸಿ ಗಾಡಿ ಮುಂದೆ ಬಿಟ್ಟ. ಇದು ಹತ್ತುವ ದಾರಿ, ಎಡಕ್ಕೆ ಗುಡ್ಡವಿತ್ತು, ಸರಿ. ಇದೇ ತಿರುವು ಇಳಿಯುವಾಗ ಬಂದಿದ್ದರೆ? ಆ ಯೋಚನೆಯನ್ನು ಅವನು ಪೂರ್ತಿ ಮಾಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತ ತಾಯಿ ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು.

ಬಂಡೆಯ ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಸರೋವರ ಪೂರ್ತಿಯಾಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಕಣ್ಣೆದುರಿಗೆ ಬಿದ್ದುಕೊಂಡಿತ್ತು. ಮೂವರೂ ನಿಂತರು, ಗೇರಣ್ಣ ಎರಡಕ್ಕೆ ಒತ್ತಿದ. ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತಾಗ ಮಗಳು ಮೊದಲ ಸಲ ನಿಧಾನವಾಗಿ ಫೋನು ತೆರೆದಳು. ಒಂದನ್ನು ನೋಡಿದಳು. ಬೆರಳಿನಿಂದ ಸರಿಸಿದಳು. ಇನ್ನೊಂದನ್ನು ನೋಡಿದಳು. ಮೊದಲಿನಿಂದ ಮತ್ತೆ ನೋಡಿದಳು.

"ಅಣ್ಣ, ಇದರಲ್ಲಿ ಅಮ್ಮ ಎಲ್ಲಿ?"

ತಮ್ಮ ಫೋನು ಕಿತ್ತುಕೊಂಡು ನೋಡಿದ. ದೋಣಿಕಟ್ಟೆಯಲ್ಲಿ ಅಕ್ಕ ತಮ್ಮ ಇಬ್ಬರೇ, ಪಕ್ಕದಲ್ಲಿ ಒಂದು ಸೀರೆಯ ಅಂಚು. ಸೇತುವೆಯಲ್ಲಿ ಇಬ್ಬರು, ಅಕ್ಕನ ತೋಳಿನ ಮೇಲೆ ಎಲ್ಲಿಂದಲೋ ಬಂದ ಒಂದು ಮುದಿ ಕೈ. ಜಲಪಾತದಲ್ಲಿ ಅದೂ ಇಲ್ಲ. ಐದರಲ್ಲೂ ಬಲಗಡೆ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು, ಬೆಟ್ಟ, ನೀರು, ಯಾರದೋ ಛತ್ರಿ. ನೀರಿನ ಗೆರೆ ಮಾತ್ರ ಐದರಲ್ಲೂ ಗೆರೆ ಎಳೆದಷ್ಟು ನೇರ.

"ಏನ್ ತಮಾಷೆ ಮಾಡ್ತಿದೀರೇನ್ರೀ? ಅಮ್ಮನ ಫೋಟೋಗೇ ಅಂತ ಬಂದ್ರೆ ಅವಳನ್ನೇ ಕತ್ತರಿಸಿ ಹಾಕಿದೀರಲ್ಲ! ಐದಕ್ಕೆ ಐದೂ!" ತಮ್ಮನ ಕೂಗಿಗೆ ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ.

ಗೇರಣ್ಣ ಫೋನನ್ನು ಇಸಿದುಕೊಂಡ. ಒಂದೊಂದನ್ನೂ ನೋಡಿದ. ಸುಳ್ಳು ಹೇಳಲು ಬಾಯಿ ತೆರೆದ. ಅಮ್ಮ ಕೊನೆ ಗಳಿಗೆಯಲ್ಲಿ ಸರಿದುಬಿಟ್ಟರು, ಫೋನು ಸಣ್ಣದು, ಬಿಸಿಲು ಕಣ್ಣಿಗೆ ಹೊಡೆಯಿತು, ಹೀಗೆ ನಾಲಿಗೆಯ ತುದಿಯಲ್ಲಿ ನಾಲ್ಕಾರು ಸಾಲಾಗಿ ನಿಂತಿದ್ದವು. ಆದರೆ ಒಂದು ಸಂಗತಿ ಅವನ ಎದೆಗೆ ಒದ್ದ ಹಾಗೆ ಬಂತು. ಒತ್ತುವಾಗ ಅವನಿಗೆ ಚಿತ್ರ ಪೂರ್ತಿಯಾಗಿ ಕಂಡಿತ್ತು. ಯಾರೋ ಕಡಿಮೆಯಿದ್ದಾರೆ ಎಂದು ಐದು ಸಲದಲ್ಲಿ ಒಂದು ಸಲವೂ ಅನ್ನಿಸಿರಲಿಲ್ಲ. ಮಬ್ಬಾಗಿರಲಿಲ್ಲ, ಕತ್ತಲೆಯಾಗಿರಲಿಲ್ಲ. ಆಕೆ ಇರಲೇ ಇಲ್ಲ. ಅಂದರೆ ಗೇಟುಕಂಬವೂ ಇರಲಿಲ್ಲ, ಸ್ಕೂಟರೂ ಇರಲಿಲ್ಲ, ಸೇತುವೆಯ ಕಟ್ಟೆಯೂ ಇರಲಿಲ್ಲ.

"ಕೂಗಬೇಡವೋ" ಎಂದಳು ತಾಯಿ ಮಗನಿಗೆ. ಟೀ ಲೋಟ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಗೇರಣ್ಣನ ಮುಂದೆ ಬಂದು ನಿಂತಳು. "ಅಪ್ಪಾ, ನೀನು ಆ ಟೀ ಅಂಗಡಿ ಬೋರ್ಡು ನೋಡ್ತಾ ಇರು. ಕಣ್ಣು ಅಲ್ಲಾಡಿಸಬೇಡ."

ಅವನು ಬೋರ್ಡು ನೋಡಿದ. ಆಕೆ ನಿಧಾನವಾಗಿ ಪಕ್ಕಕ್ಕೆ ಹೆಜ್ಜೆ ಇಟ್ಟಳು. ಒಂದು, ಎರಡು. ಮೂರನೆಯ ಹೆಜ್ಜೆಗೆ ಆಕೆ ಇಲ್ಲವಾದಳು.

"ಎಷ್ಟು ಬೆರಳು?"

"ಅಮ್ಮಾ, ಎಲ್ಲಿ ಹೋದ್ರಿ?"

ಆಕೆ ಅವನಿಂದ ಒಂದು ಮಾರು ದೂರದಲ್ಲಿ, ಅವನ ಎಡಕ್ಕೆ, ಬೆರಳು ಎತ್ತಿಕೊಂಡು ನಿಂತಿದ್ದಳು. ಟೀ ಅಂಗಡಿಯವನು ಒಳಗೆ ಹೋದ.

ಗೇರಣ್ಣ ಬೆಂಚಿನ ಮೇಲೆ ಕುಸಿದ. "ಅಕ್ಷರ ಎಲ್ಲಾ ಓದಿದ್ದೆ ಅಮ್ಮಾ, ಕೊನೇ ಸಾಲು ಕೂಡ" ಎಂದ. ಅದು ಯಾರಿಗೆ ಹೇಳಿದ್ದು ಎಂದು ಅವನಿಗೇ ಗೊತ್ತಿರಲಿಲ್ಲ.

"ಚರಂಡಿಗೆ ಇಳಿದಾಗಲೇ ನನಗೆ ಅನ್ನಿಸ್ತು" ಎಂದಳು ಆಕೆ, ಅವನ ಬಲಕ್ಕೆ ಬಂದು ಕೂತು, ತನ್ನ ಒಳ್ಳೆಯ ಕಿವಿ ಅವನ ಕಡೆಗೆ ಇರುವಂತೆ. "ಸುಳ್ಳು ಹೇಳೋರ ದನಿ ನನಗೆ ಗೊತ್ತು. ನಾನೂ ಹೇಳಿದವಳು. ಈ ಕಿವಿ ಯಾವಾಗ ಹೋಯ್ತು ಅಂತ ಕೇಳಿದ್ರೆ ಮಕ್ಕಳು ಹೇಳ್ತಾರೆ, ಅಪ್ಪ ಹೋದ ದುಃಖಕ್ಕೆ ಅಂತ. ಅಲ್ಲ. ಅವರಿರುವಾಗಲೇ ಹೋಗಿತ್ತು. ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ ನಾನು. ಕಿವುಡಿ ಅನ್ನಿಸಿಕೊಳ್ಳೋಕೆ ನಾಚಿಕೆ."

"ಅಮ್ಮಾ" ಎಂದಳು ಮಗಳು.

"ಹೇಳ್ತೀನಿ, ಇರು. ನಿಮ್ಮಪ್ಪ ಹೋದ ದಿನ ನಾನು ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಕೂತಿದ್ದೆ. ಅವರು ಪಕ್ಕದ ಕೋಣೆಲಿ, ನನ್ನ ಬಲಗಡೆಗೆ. ಈ ಒಳ್ಳೆ ಕಿವಿ ಹತ್ತಿರ ನಲ್ಲಿ ಸುರೀತಿತ್ತು. ಕರೆದರಂತೆ. ತುಂಬಾ ಹೊತ್ತು ಕರೆದರಂತೆ. ಗೋಡೆ ಆಚೆ ಮನೆಯವಳಿಗೆ ಕೇಳಿಸಿ ಅವಳು ಓಡಿಬಂದಳು. ಹತ್ತು ಹೆಜ್ಜೆ ದೂರ ಇದ್ದ ನನಗೆ ಕೇಳಿಸಲಿಲ್ಲ. ಅವಳು ಒಳಗೆ ಬಂದು ನನ್ನ ಭುಜ ಅಲ್ಲಾಡಿಸೋವರೆಗೂ ನಾನು ಸೊಪ್ಪು ಬಿಡಿಸ್ತಾನೇ ಇದ್ದೆ."

ಮಗಳು ಅಳಲಿಲ್ಲ. ತಾಯಿಯ ಮುಂದೆ ನೆಲದ ಮೇಲೆ ಕೂತು ಅವಳ ಎರಡೂ ಮಂಡಿ ಹಿಡಿದುಕೊಂಡಳು. ತಮ್ಮ ಸರೋವರದ ಕಡೆ ತಿರುಗಿ ನಿಂತ. ಎರಡು ವರ್ಷದಿಂದ ತಾಯಿ ಯಾಕೆ ಮನೆ ಬಿಟ್ಟು ಹೊರಗೆ ಬರಲಿಲ್ಲ ಎಂಬುದು ಇಬ್ಬರಿಗೂ ಈಗ ಅರ್ಥವಾಗುತ್ತಿತ್ತು. ಅದನ್ನು ಆಕೆ ಹೆತ್ತ ಮಕ್ಕಳಿಗಲ್ಲ, ದಾರಿಯಲ್ಲಿ ಸಿಕ್ಕ ಒಬ್ಬ ಟ್ಯಾಕ್ಸಿ ಡ್ರೈವರಿಗೆ ಹೇಳಿದ್ದಳು. ಗೇರಣ್ಣನಿಗೆ ತಲೆ ಎತ್ತಿ ಆಕೆಯನ್ನು ನೋಡುವ ಧೈರ್ಯ ಬರಲಿಲ್ಲ. ಬಂಡೆಯ ಬುಡದಲ್ಲಿ ನಿಂತ ತನ್ನ ಬಿಳಿ ಕಾರು ಕಂಡಿತು. ಅದರೊಳಗೆ ಈ ಮೂವರನ್ನು ಕೂರಿಸಿಕೊಂಡು ತಾನು ಈಗ ಇಳಿಯುವವನಿದ್ದ, ಎಡಕ್ಕೆ ಸರೋವರ ಇಟ್ಟುಕೊಂಡು, ಹದಿನೆಂಟು ತಿರುವು.

ಅವನು ಜೇಬಿನಿಂದ ಬೀಗದ ಕೈ ತೆಗೆದು ಬೆಂಚಿನ ಮೇಲಿಟ್ಟ. ಮೂವತ್ತೊಂದು ವರ್ಷದಲ್ಲಿ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಮೆಕ್ಯಾನಿಕ್ಕಿಗೆ ಮಾತ್ರ.

"ಸಾರ್, ನಿಮಗೆ ಗಾಡಿ ಬರುತ್ತಾ?"

ತಮ್ಮ ಕೆಮ್ಮಿದ. ಇಷ್ಟು ಹೊತ್ತು ಡ್ರೈವಿಂಗಿನ ಬಗ್ಗೆ ಊರಿಗೆಲ್ಲ ಕೇಳುವಂತೆ ಪಾಠ ಹೇಳಿದವನಿಗೆ ಸೈಕಲ್ಲು ಬಿಟ್ಟರೆ ಏನೂ ಬರುತ್ತಿರಲಿಲ್ಲ. "ಅಕ್ಕನಿಗೆ ಬರುತ್ತೆ" ಎಂದ, ಅವತ್ತು ಮೊದಲ ಸಲ ಮೆಲ್ಲಗೆ.

"ನಾನು ಶಾಲೆಗೆ ಹೋಗಿ ಬರೋದು ಅಣ್ಣ, ಬಯಲು ರಸ್ತೆ. ಬೆಟ್ಟ ಯಾವತ್ತೂ ಇಳಿದಿಲ್ಲ" ಎಂದಳು ಮಗಳು. ಅವಳ ಮುಖ ಬಿಳಿಚಿತ್ತು.

"ಇಳಿಯೋದು ನಾನು ಹೇಳ್ತೀನಿ ಮೇಡಂ. ನೀವು ಕಣ್ಣು ಕೊಡಿ, ಸಾಕು."

ಹೊರಡುವ ಮುಂಚೆ ತಾಯಿ ತಡೆದಳು. ಬಂದ ಕೆಲಸ ಆಗಿಲ್ಲವಲ್ಲ ಎಂದಳು. ಟೀ ಅಂಗಡಿಯವನು ತೆಗೆಯುತ್ತೇನೆಂದು ಮುಂದೆ ಬಂದರೆ ಬೇಡ ಅಂದಳು. "ಅವನೇ ತೆಗೀಲಿ. ಕತ್ತು ತಿರುಗಿಸಿ ತೆಗೀಲಿ." ಮತ್ತೆ ಮೂವರೂ ಬಂಡೆಯ ಮೇಲೆ ನಿಂತರು, ಆಕೆ ಮತ್ತೆ ಅದೇ ಕೊನೆಯಲ್ಲಿ. ಗೇರಣ್ಣ ಫೋನಿನ ಕಣ್ಣು ಒರೆಸಿದ, ತನ್ನ ಕಣ್ಣನ್ನೂ ಒರೆಸಿಕೊಂಡ. ಆಮೇಲೆ ಭುಜದ ಮೇಲಿಂದ ಹಿಂದಿನ ರಸ್ತೆ ನೋಡುವವನಂತೆ ಕತ್ತನ್ನು ಎಡಕ್ಕೆ ತಿರುಗಿಸಿದ. ಏನೂ ಇಲ್ಲದ ಜಾಗದಿಂದ ಮೊದಲು ಒಂದು ಕಡುನೀಲಿ ಶಾಲು ಬಂತು, ಆಮೇಲೆ ಗಾಳಿಗೆ ಹಾರುವ ಬಿಳಿ ಕೂದಲು, ಆಮೇಲೆ ಆ ಮುಖ. ಇಷ್ಟು ಹತ್ತಿರ ಇದ್ದರಲ್ಲ ಎಂದುಕೊಂಡ. ನೀರಿನ ಗೆರೆ ಓರೆಯಾಗಿದೆ ಎಂದು ಗೊತ್ತಿದ್ದೂ ಅವನು ಸರಿಮಾಡಲು ಹೋಗಲಿಲ್ಲ, ಎಲ್ಲಿ ಆಕೆ ಮತ್ತೆ ಕಳೆದುಹೋಗುತ್ತಾಳೋ ಎಂದು. ಒಂದು, ಎರಡು ಎಂದು ಹೇಳಿ ಒತ್ತಿದ.

ಎಡಸೀಟಿನಲ್ಲಿ ಕೂತು ತನ್ನ ಕಾರು ಇಷ್ಟು ದೊಡ್ಡದೇ ಎಂದು ಅವನಿಗೆ ಆಶ್ಚರ್ಯವಾಯಿತು. ಕಾಲಿಗೆ ಬ್ರೇಕು ಸಿಗದೆ ಎರಡು ಸಲ ನೆಲ ಒತ್ತಿದ. ಮಗಳು ಎರಡೂ ಕೈಯಿಂದ ಸ್ಟೇರಿಂಗನ್ನು ತಪ್ಪಿಸಿಕೊಳ್ಳುವ ಹುಡುಗನ ರಟ್ಟೆ ಹಿಡಿದವಳಂತೆ ಬಿಗಿಯಾಗಿ ಹಿಡಿದಿದ್ದಳು.

"ಸಡಿಲ ಬಿಡಿ ಮೇಡಂ, ಅದೇನೂ ಓಡಿಹೋಗಲ್ಲ. ಎರಡನೇ ಗೇರು. ಕಾಲು ಬ್ರೇಕಿನ ಮೇಲೆ ಕೂರಿಸಬೇಡಿ, ಮುಟ್ಟಿ ಮುಟ್ಟಿ ಬಿಡಿ. ಈಗ ಹಾರ್ನು. ಇದು ಹದಿನೆಂಟನೇದು. ಬಲಕ್ಕೆ ತಿರುಗುತ್ತೆ, ತಿರುಗಿದ ಮೇಲೆ ಒಂದು ಮೋಟು ಮರ. ಮರ ದಾಟಿದ್ರೆ ರಸ್ತೆ ಕುತ್ತಿಗೆ ಕಿರಿದು, ಗುಡ್ಡದ ಕಡೆಗೇ ಇರಿ."

ಅವನಿಗೆ ಮರ ಕಾಣಲಿಲ್ಲ. ಕಟ್ಟೆ ಕಾಣಲಿಲ್ಲ, ಅದರಾಚೆಯ ಸರೋವರ ಕಾಣಲಿಲ್ಲ. ನೋಡಬೇಕೆಂದು ಅವನು ಕತ್ತು ತಿರುಗಿಸಲೂ ಇಲ್ಲ. ಇಂಜಿನ್ನಿನ ಸದ್ದು, ಹೊಟ್ಟೆಯೊಳಗೆ ಕಾರು ವಾಲುವ ರೀತಿ, ಇಷ್ಟರಿಂದಲೇ ಎಲ್ಲಿದ್ದೇವೆ ಎಂದು ಹೇಳುತ್ತಾ ಹೋದ. ಹದಿಮೂರನೇ ತಿರುವಿನಲ್ಲಿ ನೀರು ಜಿನುಗುತ್ತದೆ, ನಿಧಾನ. ಹನ್ನೊಂದರಲ್ಲಿ ಮೇಲೆ ಬರುವ ಬಸ್ಸಿಗೆ ದಾರಿ ಬಿಡಬೇಕು, ಇಲ್ಲೇ ನಿಲ್ಲಿ. ನಿಂತರು, ಬಸ್ಸು ಬಂತು. ಏಳರಲ್ಲಿ ಕಟ್ಟೆ ಇಲ್ಲ. ಏಳನೇ ತಿರುವಿನಲ್ಲಿ ಯಾರೂ ಉಸಿರಾಡಲಿಲ್ಲ. ಗೇರಣ್ಣ ಮಾತ್ರ ಮಗುವಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ, "ಹಾಂ, ಹಾಗೆ. ಇನ್ನೊಂದು ಚೂರು. ಬಂತು, ಬಂತು" ಎನ್ನುತ್ತಿದ್ದ. ಕೆಳಗಿನ ಸಮತಟ್ಟು ಸಿಕ್ಕಿದಾಗ ಮಗಳು ಕಾರು ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಹಿಂದಿನಿಂದ ತಾಯಿಯ ಕೈ ಬಂದು ಮಗಳ ತಲೆ ಸವರಿತು, ಆಮೇಲೆ ಗೇರಣ್ಣನ ಭುಜದ ಮೇಲೆ ಒಂದು ಕ್ಷಣ ಕೂತಿತು.

ಅವನನ್ನು ಮನೆಗೇ ತಂದು ಬಿಟ್ಟರು. ಲಾಡ್ಜು ಅಲ್ಲಿಂದ ನಾಲ್ಕು ಹೆಜ್ಜೆ, ನಡೆದು ಹೋಗುತ್ತೇವೆ ಎಂದರು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಆಸ್ಪತ್ರೆಗೆ ತಾನೇ ಜೊತೆಗೆ ಬರುತ್ತೇನೆ ಎಂದು ತಮ್ಮ ಹೇಳಿದ. ಕೂಗದೆ ಹೇಳಿದ್ದರಿಂದ ಅದು ನಿಜವೆನ್ನಿಸಿತು. ಕಣ್ಣಲ್ಲಿ ಏನೂ ದೋಷವಿಲ್ಲ, ಆ ತಲೆನೋವಿನ ಮಧ್ಯಾಹ್ನ ಮೆದುಳಿನಲ್ಲಿ ಒಂದು ಸಣ್ಣ ಜಾಗಕ್ಕೆ ರಕ್ತ ನಿಂತುಹೋಗಿದೆ, ಎಡಗಡೆಯ ಲೋಕ ಅಲ್ಲಿಗೇ ಅಳಿಸಿಹೋಗಿದೆ ಎಂದು ಡಾಕ್ಟರು ಹೇಳುವುದು ಮರುದಿನದ ಮಾತು. ಇವತ್ತು ಇನ್ನೂ ಸಂಜೆಯ ಬೆಳಕಿತ್ತು.

ಹೊಲಿಗೆ ಮಿಷನ್ನು ಬಿಟ್ಟು ಬಾಗಿಲಿಗೆ ಬಂದ ಹೆಂಡತಿ, ಗಂಡ ತನ್ನದೇ ಕಾರಿನ ಎಡಬಾಗಿಲಿನಿಂದ ಇಳಿಯುವುದನ್ನು ನೋಡಿದಳು. ಬೆಳಗ್ಗೆ ಬಳಿದ ಬಿಳಿ ಪಟ್ಟಿಯ ಮೇಲೆ ಪೊದೆ ಕೆರೆದ ಹೊಸ ಗೀರುಗಳಿದ್ದವು. ಏನಾಯಿತು ಎಂದು ಅವಳು ಕೇಳಲಿಲ್ಲ. "ಕೈಕಾಲು ತೊಳೀರಿ, ಬಿಸಿ ಇದೆ, ಉಂಡುಬಿಡಿ" ಎಂದಳು.

ಅವನು ಉಂಡ. ಅನ್ನ, ಬೇಯಿಸಿದ ಸೊಪ್ಪು. ತಟ್ಟೆ ಖಾಲಿಯಾಯಿತು. ನೀರು ಕುಡಿದು ಲೋಟ ಇಡುವಾಗ ಹೆಂಡತಿ ಬಟ್ಟೆ ತುಂಡು ಹಿಡಿದು ಒರೆಸಲು ಬಗ್ಗಿದಳು, ತಟ್ಟೆಗೆ ಕೈ ಹಾಕಿದಳು. ಅವನು ಅವಳ ಮಣಿಕಟ್ಟು ಹಿಡಿದ.

"ಎಷ್ಟು ದಿನದಿಂದ ತಟ್ಟೆ ತಿರುಗಿಸ್ತಾ ಇದೀಯ?"

ಅವಳು ಬಟ್ಟೆ ತುಂಡನ್ನು ಕೆಳಗಿಟ್ಟಳು. "ನಾಲ್ಕು ತಿಂಗಳಾಯ್ತು" ಎಂದಳು.

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಗಾಡಿ ಬಿಡಬೇಕಾಗುತ್ತಲ್ಲ. ಗಾಡಿ ಬಿಟ್ಟ ಮೇಲೆ ನೀವು ನೀವಾಗಿ ಇರ್ತೀರಾ ಅಂತ ನನಗೆ ಭಯ ಇತ್ತು" ಎಂದು ಅವಳು ಅತ್ತುಬಿಟ್ಟಳು. "ದಿನಾ ನೀವು ಬರೋವರೆಗೂ ಈ ಕಿಟಕಿ ಬಿಟ್ಟು ಎದ್ದಿಲ್ಲ ನಾನು."

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೊಪ್ಪು ಬಿಡಿಸುತ್ತಾ ಕೂತ ಒಬ್ಬ ಮುದುಕಿ ಕಣ್ಣ ಮುಂದೆ ಬಂದಳು. ಹೆಂಡತಿಯ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟು, ತಟ್ಟೆಯ ಅಂಚು ಹಿಡಿದು, ತಾನೇ ಅರ್ಧ ಸುತ್ತು ತಿರುಗಿಸಿದ. ಅರ್ಧ ಊಟ ಅಲ್ಲಿ ಹಾಗೇ ಇತ್ತು, ಇನ್ನೂ ಆರಿರಲಿಲ್ಲ. ಅವನು ಕತ್ತನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹೆಂಡತಿಯ ಮುಖ ಹುಡುಕಿದ, ಸಿಕ್ಕಿತು. "ನೀನೂ ತಟ್ಟೆ ತಗೊಂಡು ಬಾ" ಎಂದ. "ಈ ಕಡೆ ಕೂತ್ಕೋ, ನನ್ನ ಬಲಕ್ಕೆ."